ಎಡಕ್ಕ ಹೊರಳಲೇನು?

ಮೊದಲ ದಿನ ಹೊಂಬಳ ಮೇಡಂ
ನಾಲ್ವರನ್ನೂ ಕರೆದೊಯ್ದದ್ದು ವಾರ್ಡಿಗಲ್ಲ, ಆಸ್ಪತ್ರೆಯ ಮಾಳಿಗೆಗೆ.
ನಳ ಬಂದು ಒಂಬತ್ತು ದಿನ. ಅಲ್ಲಿ ಮೂರು ನೀಲಿ ಡ್ರಮ್ಮು.
"ಮುಚ್ಚಳ ತೆಗೀಬ್ಯಾಡ್ರಿ. ಬಡದು ಹೇಳ್ರಿ,
ನೀರು ಎಲ್ಲೀತನಕ ಐತಿ?"
ನಡುಬೆರಳ ಮೇಲೆ ನಡುಬೆರಳು.
ಟೊಳ್ಳು, ಟೊಳ್ಳು, ಟೊಳ್ಳು, ಆಮೇಲೆ ಮಂದ.
ಗದಗಿನ ಶಕುಂತಲಾ ಎರಡೇ ಪೆಟ್ಟಿಗೆ ಹೇಳಿದಳು,
ಅವಳ ಮನೆಯಲ್ಲಿ ಇದು ದಿನದ ಕೆಲಸ.
ಸವಣೂರಿನ ನಾನು ಒಂದು ಗೇಣು ತಪ್ಪಿದೆ.
ಕೆಳಗಿಳಿದು, ಹದಿನಾಲ್ಕನೆಯ ಮಂಚದಲ್ಲಿ
ನರಗುಂದದ ಹಮಾಲನೊಬ್ಬನ ಬೆನ್ನು ಬಡಿದಾಗ
ಅದೇ ಟೊಳ್ಳು, ಅದೇ ಮಂದ, ನಡುವೆ ಅದೇ ಗೆರೆ.
"ಈಗ ಸೂಜಿ ಎಲ್ಲಿ ಹಾಕ್ತೀರಿ? ಲಗು ಹೇಳ್ರಿ,
ಅವಂಗ ಥಂಡಿ ಆಗ್ತೈತಿ."

ಎಂಬತ್ತು ಮಂಚದ ಆಸ್ಪತ್ರೆ.
ಎಕೋ ಮಾಡುವವರು ಹುಬ್ಬಳ್ಳಿಯಿಂದ ಗುರುವಾರಕ್ಕೊಮ್ಮೆ.
ಉಳಿದ ಆರು ದಿನ ನಮ್ಮ ಕಿವಿ.

ಆ ಕಿವಿ ತಿದ್ದಿದವಳು ತುಳಜಾಬಾಯಿ,
ಬೆಟಗೇರಿಯ ಮಗ್ಗದಾಕೆ, ವಯಸ್ಸು ನಲವತ್ತೊಂದು,
ವರ್ಷವರ್ಷವೂ ಪರೀಕ್ಷೆಗೆ ಕರೆಸುವ ಕೇಸು.
ಮುನ್ನೂರು ರೂಪಾಯಿ, ಒಂದು ತಟ್ಟೆ ಉಪ್ಪಿಟ್ಟು, ಎರಡು ಸಲ ಚಹಾ.
ಹನ್ನೊಂದರ ವಯಸ್ಸಿನಲ್ಲಿ ಬಂದ ಕೀಲುನೋವಿನ ಜ್ವರ
ಹೋಗುವಾಗ ಎದೆಯೊಳಗಿನ ಒಂದು ಬಾಗಿಲು
ಅರ್ಧ ಮುಚ್ಚಿಕೊಂಡು ಹೋಗಿತ್ತು.

ನನ್ನ ಸರದಿ. ಸ್ಟೆತಾಸ್ಕೋಪು ಇಟ್ಟೆ. ಏನೂ ಇಲ್ಲ.
ಪರೀಕ್ಷಕರು ಗಡಿಯಾರ ನೋಡಿಕೊಂಡರು.
ಸೆರಗಿನ ಮರೆಯಿಂದ, ತುಟಿ ಅಲುಗದಂತೆ, ಅವಳು:
"ಎಡಕ್ಕ ಹೊರಳಲೇನು?"
ಹೊರಳಿಯೇ ಬಿಟ್ಟಳು.
"ಗಂಟಿ ಕಡೆ ಹಚ್ರಿ. ಉಸಿರು ಬಿಟ್ಟು ಹಿಡೀತೀನಿ."
ಆಗ ಕೇಳಿತು,
ಲಾಳಿ ಹೊಡೆದ ಹಾಗೆ ಮೊದಲ ಸದ್ದು,
ಎರಡನೆಯದರ ಬೆನ್ನಿಗೇ ಒಂದು ಚಿಟಿಕೆ,
ಆಮೇಲೆ ದೂರದ ಓಣಿಯಲ್ಲಿ ಪವರ್‌ಲೂಮು ನಡೆದಂತೆ
ಗುರ್‌ಗುಡುವ ಒಂದು ಮಂದ್ರ,
ಕಿವಿಗಿಂತ ಹೆಚ್ಚು ಅಂಗೈಗೆ.
ಇಪ್ಪತ್ತಕ್ಕೆ ಹದಿನೇಳು.
ಕುಪ್ಪಸದ ಗುಂಡಿ ಹಾಕಿಕೊಳ್ಳುತ್ತ ಕಣ್ಣಲ್ಲೇ ಕೇಳಿದಳು, ಪಾಸಾ?

ಮಾರ್ಗಶಿರದ ಒಂದು ರಾತ್ರಿ, ಎರಡೂವರೆಗೆ,
ಟಂಟಂನಲ್ಲಿ ಅವಳನ್ನು ತಂದರು. ಮಲಗಲಾರದೆ
ಕೂತೇ ಬಂದಿದ್ದಳು. ತುಟಿಯಂಚಿಗೆ ಗುಲಾಬಿ ನೊರೆ.
ಕೈ ಹಿಡಿದರೆ ನಾಡಿಗೆ ಲೆಕ್ಕವಿಲ್ಲ.
"ಮಗ್ಗ... ತಾಳ ತಪ್ಪೇತ್ರಿ..."
ಎಂದವಳು ರೂಢಿಯಂತೆ ಎಡಕ್ಕೆ ಹೊರಳಲು ಹೋದಳು.
"ಬ್ಯಾಡಕ್ಕಾ, ಬ್ಯಾಡ. ಇವತ್ತು ಪರೀಕ್ಷೆ ಇಲ್ಲ."
ಆಕ್ಸಿಜನ್ನು, ಇಂಜೆಕ್ಷನ್ನು, ಬೆನ್ನಿಗೆ ಮೂರು ದಿಂಬು.
ಮೂತ್ರದ ಚೀಲಕ್ಕೆ ಮೊದಲ ಹನಿ ಬೀಳುವುದನ್ನು
ನಾನೂ ನರ್ಸ್ ಫಾತಿಮಾಬಿಯೂ
ನಳ ಕಾಯುವವರ ಹಾಗೆ ಕಾದೆವು.
ನಸುಕಿಗೆ ಒಂದೂವರೆ ಲೀಟರು.

ಬೆಳಿಗ್ಗೆ ಮೇಡಂ ಅವಳ ಫೈಲು ತಿರುವಿದರು.
ಆರು ವರ್ಷ, ಇಪ್ಪತ್ತೆರಡು ಕೈಬರಹ,
ಇಪ್ಪತ್ತೆರಡರಲ್ಲೂ ರೋಗದ ಹೆಸರು ಸರಿ.
ಮೇಡಂ ಹುಬ್ಬಳ್ಳಿಗೆ ಬರೆದುಕೊಟ್ಟ ಮೂರು ಚೀಟಿ,
ಮಡಿಕೆ ಮುರಿಯದೆ, ಅವಳ ಕೈಚೀಲದಲ್ಲಿ.
"ಯಾಕ ಹೋಗಲಿಲ್ಲ ಅಂತ
ಇಷ್ಟು ಮಂದಿಯೊಳಗ ಒಬ್ಬರರ ಕೇಳೀವೇನು?"
ಯಾರೂ ಮಾತಾಡಲಿಲ್ಲ. ಮುಖದ ಮಾಸ್ಕು ಸರಿಸಿ ಅವಳೇ,
"ಸದ್ದು ಹೋದ್ರ ಈ ಹುಡುಗೂರಿಗೆ ಕೇಸು ಎಲ್ಲಿ ಸಿಗಬೇಕ್ರಿ?"
ನಕ್ಕಳು. ಕೆಮ್ಮಿದಳು. ಆಮೇಲೆ ಗೋಡೆಯತ್ತ ನೋಡಿ,
"ಎಂಟು ದಿನ ಮಗ್ಗ ನಿಂತ್ರ
ಸಾವ್ಕಾರ ನೂಲು ಬ್ಯಾರೆಯವರಿಗೆ ಕೊಡ್ತಾನ."

ಸಾವ್ಕಾರನ ಹತ್ತಿರ ಮೇಡಂ ತಾವೇ ಹೋದರು.
ಏನು ಮಾತಾಯಿತೋ, ನಮಗೆ ಹೇಳಲಿಲ್ಲ.
ಫಾಲ್ಗುಣದಲ್ಲಿ, ಹುಬ್ಬಳ್ಳಿಯಲ್ಲಿ,
ತೊಡೆಯ ನರದಿಂದ ಬಲೂನು ಏರಿಸಿ ಆ ಬಾಗಿಲು ಅಗಲಿಸಿದರು.
ಪರೀಕ್ಷೆಯ ಕೇಸುಗಳ ವಹಿಯಲ್ಲಿ
ಅವಳ ಹೆಸರ ಮೇಲೆ ಕೆಂಪು ಗೆರೆ.

ಆದರೂ ಈ ವರ್ಷ ಬಂದಳು, ಕರೆಯದೆಯೇ.
ಒಂದು ಸಲ ಕೇಳಲೇ ಎಂದೆ. ಗಂಟೆ ಇಟ್ಟೆ.
ಹುಡುಕಬೇಕಾಯಿತು.
"ಕಡಿಮಿ ಆಗೇತಲ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಡಾಕ್ಟರ."
ಎಂದವಳು ಹೊರಗೆ ಬೆಂಚಿನ ಮೇಲೆ ಕೂತಳು,
ಮುಳಗುಂದದಿಂದ ಬಂದ ಹೊಸ ಹುಡುಗಿಯ ಪಕ್ಕ.
ಅದಕ್ಕೆ ಹತ್ತೊಂಬತ್ತು, ಕೈ ನಡುಗುತ್ತಿದ್ದವು.
"ಎಡಕ್ಕ ಹೊರಳು. ಉಸಿರು ಬಿಟ್ಟು ಹಿಡಿ.
ಡಾಕ್ಟರ ಹೊಸಬ ಇದ್ರ ನೀನ ಹೇಳು, ನಾಚಬ್ಯಾಡ.
ಮತ್ತ ಹುಬ್ಬಳ್ಳೀದು ಒಂದು ಚೀಟಿ ಕೊಡ್ತಾರ.
ಮಡಚಿ ಇಟ್ಟೀ ಮತ್ತ.
ತಗೋ, ಉಪ್ಪಿಟ್ಟು ಆರ್ತೈತಿ."