ನೂರು ಹೊಲ

ಜವಳಗೇರಾ ಆಸ್ಪತ್ರೆಯ ಹಿಂದಿನ ಕೋಣೆ, ಒಂದೇ ಕಿಟಕಿ.
ಆಚೆ ಎಡದಂಡೆ ಕಾಲುವೆಯ ನೀರು, ನೆಲ್ಲಿನ ಹಸಿರು.
ಈಚೆ ನಾನು, ಹತ್ತೊಂಬತ್ತು ವರ್ಷದಿಂದ
ಗಾಜಿನ ಪಟ್ಟಿಯ ಮೇಲೆ ಊರಿನ ರಕ್ತ ಒಣಗಿಸುವವಳು.

ಅಮರಮ್ಮ ನಾಟಿಯ ಸಾಲಿನಿಂದ ನಡುಗುತ್ತಲೇ ಎದ್ದು ಬಂದಳು.
ಉಗುರಿನ ಸಂದಿಯಲ್ಲಿ ಕೆಸರು.
ಸ್ಪಿರಿಟ್ಟಿನ ಹತ್ತಿಯಲ್ಲಿ ಎರಡು ಸಲ ತಿಕ್ಕಿದೆ,
ಮೂರನೆಯದಕ್ಕೆ ಬೆರಳು ತನ್ನ ಬಣ್ಣಕ್ಕೆ ಬಂತು.
ಚುಚ್ಚಿದೆ. ಒಂದು ಹನಿ ದಪ್ಪಗೆ, ಒಂದು ಹನಿ ತೆಳ್ಳಗೆ.

ಕೊಳವೆಯಲ್ಲಿ ಕಾಣುವ ದುಂಡು ಬೆಳಕಿಗೆ
ನಮ್ಮ ಕಡೆ ಫೀಲ್ಡ್ ಎನ್ನುತ್ತೇವೆ.
ನೂರು ಹೊಲ ನೋಡದೆ ‘ಇಲ್ಲ’ ಎನ್ನಬಾರದು, ಅದು ನಿಯಮ.
ಅವಳು ಬೆಳಗಿನಿಂದ ಅರ್ಧ ಹೊಲ ಹಚ್ಚಿದ್ದಳು.
ನಾನು ಎಣ್ಣೆಯ ಹನಿ ಬಿಟ್ಟು ಮೊದಲನೆಯದಕ್ಕೆ ಇಳಿದೆ.

ಹದಿನೇಳನೆಯದರಲ್ಲಿ ಸಿಕ್ಕಿತು:
ನೀಲಿ ಎಳೆಯ ಸುತ್ತು, ಅದಕ್ಕೊಂದು ಕೆಂಪು ಹರಳು.
“ಏನ್ ಕಂಡ್ತರಿ ಅಕ್ಕಾರ?”
“ಉಂಗುರ.”
ಹಲ್ಲು ಕಟಕಟ ಎನ್ನುತ್ತಿದ್ದರೂ ನಕ್ಕಳು,
“ಬೆರಳಾಗ ಇಲ್ಲದ್ದು ರಕ್ತದಾಗ ಐತೇನ್ರಿ!”

ಅವಳಿಗೆ ಹೇಳದೆ ಉಳಿದದ್ದು ಇದು.

ಉಂಡ ಮನೆಯ ಗಳ ಎಣಿಸುವ ಈ ಜೀವ
ಬಿಸಿಲುಂಡು ಬಾಳಿದವರ ವಂಶದ್ದು.
ರಾಯಚೂರಿನ ತರಬೇತಿಯಲ್ಲಿ ಮೆಹಮೂದಾ ಮೇಡಂ
ಬೋರ್ಡಿನ ಮೇಲೆ ಒಂದರೊಳಗೊಂದು ನಾಲ್ಕು ಗೆರೆ ಸುತ್ತಿದ್ದರು,
ಚಾಕ್‌ಪೀಸು ಎರಡು ಸಲ ಮುರಿಯಿತು.
ಬೆಳಕು ತಿನ್ನುವ ಬ್ಯಾಕ್ಟೀರಿಯವನ್ನು ಯಾವುದೋ ಜೀವ ನುಂಗಿ
ಅದರ ಸಂತಾನ ಕೆಂಪು ಪಾಚಿಯಾಯಿತಂತೆ.
ಆ ಪಾಚಿಯನ್ನು ಇದರ ಅಜ್ಜಿಯ ಅಜ್ಜಿ ನುಂಗಿತಂತೆ.
ನುಂಗಿತು, ಅರಗಿಸಿಕೊಳ್ಳಲಿಲ್ಲ.
ಹೊಟ್ಟೆ ತುಂಬಿತ್ತೋ, ಅಜೀರ್ಣವಾಗಿತ್ತೋ,
ನಾಳೆಗಿರಲಿ ಎಂದುಕೊಂಡಿತೋ.
ಒಳಗುಳಿದದ್ದು ಬೆಳಕಿನಲ್ಲಿ ಅಡುಗೆ ಮಾಡಿತು,
ಮನೆಮಂದಿಯೆಲ್ಲ ಉಂಡರು, ಕೋಟಿಗಟ್ಟಲೆ ವರ್ಷ.

ಆಮೇಲೆ ಕತ್ತಲ ದಾರಿ:
ಯಾವುದೋ ಕಡಲ ಹುಳುವಿನ ಕರುಳು,
ಸೊಳ್ಳೆಯ ಜೊಲ್ಲು, ಮನುಷ್ಯರ ಲಿವರು, ರಕ್ತ.
ಒಲೆ ಆರಿತು. ಬಣ್ಣ ಹೋಯಿತು.
ಒಲೆಗುಂಡನ್ನು ಮಾತ್ರ ಎಸೆಯಲಾಗಲಿಲ್ಲ.
ಅದರ ಮೇಲೆ ಇಂದಿಗೂ ಏನೋ ಒಂದಿಷ್ಟು ಬೇಯುತ್ತದೆ,
ಅದಿಲ್ಲದೆ ನಡೆಯುವುದಿಲ್ಲ.
ಅದನ್ನು ಕೆಡಿಸುವ ಔಷಧಿಯೂ ಇದೆಯಂತೆ. ಕೊಟ್ಟರೆ
ತಾಯಿ ಕೂಡಲೇ ಸಾಯುವುದಿಲ್ಲ,
ಸಾಯುವುದು ಮಕ್ಕಳು.
ಅದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ,
ಯಾರ ಪರವಾಗಿ ಎಂದು ಗೊತ್ತಾಗಲಿಲ್ಲ.

ನನ್ನ ಬಣ್ಣಕ್ಕೆ ಆ ಒಲೆ ಸಿಗುವುದಿಲ್ಲ.
ಹತ್ತೊಂಬತ್ತು ವರ್ಷ, ಒಮ್ಮೆಯೂ ಕಂಡಿಲ್ಲ.
ಇದೆ ಎಂದು ತಿಳಿದೇ ನೋಡುತ್ತೇನೆ.

ಕಣ್ಣು ನೊಂದಾಗ ಕಿಟಕಿಯತ್ತ ತಿರುಗಿದರೆ
ಆ ಹಸಿರೂ ಅದೇ ನುಂಗಿದ ಕಥೆ, ಬೇರೆ ಕವಲು.
ಕಾಲುವೆಯ ಆ ದಂಡೆಗೊಬ್ಬ ದಾಯಾದಿ, ಈ ದಂಡೆಗೊಬ್ಬ.
ನಡುವೆ ಅಮರಮ್ಮನ ಬೆರಳು,
ತುದಿಯಲ್ಲಿ ಸಸಿ ಹಿಡಿದ ಕಲೆ, ಒಳಗೆ ಉಂಗುರ.
ನೋಡುತ್ತಿರುವ ನನ್ನ ಕಣ್ಣಲ್ಲೂ, ಉಸಿರು ಸುಟ್ಟು ಕೊಡುವ
ಹಳೆಯ ಬಾಡಿಗೆದಾರರು, ಅವರೂ ಒಮ್ಮೆ ನುಂಗಿಸಿಕೊಂಡವರೇ.
ಯಾರ ಮನೆಯ ಗಳ ಯಾರು ಎಣಿಸುವುದು?

ರಿಜಿಸ್ಟರಿನ ಷರಾ ಕಾಲಂ ಎರಡು ಬೆರಳಗಲ.
‘ರಿಂಗ್, ಪಾಸಿಟಿವ್’ ಎಂದು ಬರೆದೆ. ಇನ್ನೂ ಜಾಗವಿತ್ತು.
ಮೂರು ದಿನದ ಮಾತ್ರೆ, ಊಟವಾದ ಮೇಲೆ ಎಂದೆ.
“ಅದಕ್ಕೂ ಉಣಿಸಬೇಕೇನ್ರಿ ಮತ್ತ?” ಎಂದಳು.

ನಾಲ್ಕನೆಯ ದಿನ ತಾನಾಗಿ ಬಂದು ಬೆರಳು ಚಾಚಿದಳು.
ನೂರು ಹೊಲ ನೋಡಿದೆ. ಮನಸ್ಸು ನಿಲ್ಲದೆ ಇನ್ನೂ ಹತ್ತು.
“ಹೋತೇನ್ರಿ ಉಂಗುರ?”
“ಹೋತು.”
“ಬಂಗಾರದ್ದಾಗಿದ್ರ ಇಟ್ಗೊಂತಿದ್ದೆ ನೋಡ್ರಿ,”
ಎಂದವಳು ಸೆರಗು ಸಿಕ್ಕಿಸಿದಳು,
ಹತ್ತಿಯನ್ನು ನನ್ನ ಕೈಗೇ ಕೊಟ್ಟು
ಸಸಿಯ ಕಟ್ಟು ಬಿದ್ದ ಬದುವಿನ ಕಡೆ ಇಳಿದಳು.