ನೂರ ಎಂಬತ್ತನೆಯ ದಿನ

ನೂರ ಎಪ್ಪತ್ತೊಂಬತ್ತಕ್ಕೆ ನಿಲ್ಲುತ್ತದೆ ನನ್ನ ಲೆಕ್ಕ.
ನಿನ್ನೆ ಸಂಜೆ ಪಂಚಾಯತಿನಲ್ಲಿ ಕಿಟ್ಟು ಒಪ್ಪಿಸಿದೆ:
ಬಿಪಿ ಯಂತ್ರ ಒಂದು, ಕತ್ತರಿ ಎರಡು, ಅರ್ಧ ಬಾಟಲಿ ಬೆಟಾಡಿನ್,
ಬೀಗದ ಕೈ.
ಗುಮಾಸ್ತರು ಬರೆದುಕೊಂಡರು. ರಶೀದಿ ಕೊಡಲಿಲ್ಲ.
ನಾಳೆ ಹೊಸ ಕರಾರು, ಇನ್ನೂರರ ಮುದ್ರೆ ಕಾಗದದಲ್ಲಿ.
ನಡುವೆ ಈ ಒಂದು ದಿನ
ನಾನು ಯಾರ ಪೈಕಿಯೂ ಅಲ್ಲ.

"ಎಡೆಯಲ್ಲಿ ಒಂದು ದಿನ ಬಿಡಬೇಕು ಸಿಸ್ಟರೇ,
ಇಲ್ಲದಿದ್ದರೆ ನೀವು ಖಾಯಂ ಆಗಿಬಿಡ್ತೀರಿ"
ಎಂದು ನಕ್ಕಿದ್ದರು ಅವರು,
ಖಾಯಂ ಎಂಬುದು ಊರಿಗೆ ಹೊಸತಾಗಿ ಬಂದ ಜ್ವರವೋ ಎಂಬಂತೆ.

ಬೆಳಗ್ಗೆ ಹಳದಿ ಫೈಲು ಹರಡಿ ಕೂತೆ.
ಬದಿಯಡ್ಕದಲ್ಲಿ ಆರು ತಿಂಗಳು, ಮಂಗಲ್ಪಾಡಿಯಲ್ಲಿ ಎರಡು ಸಲ,
ತಲಪಾಡಿ ದಾಟಿ ದೇರಳಕಟ್ಟೆಯಲ್ಲಿ ಒಂದಿಡೀ ಮಳೆಗಾಲದ ರಾತ್ರಿಪಾಳಿ.
ಆಮೇಲೆ ಗಡಿಯ ರಸ್ತೆಗೆ ಮಣ್ಣು ಸುರಿದರು,
ನನ್ನ ಕೊನೆಯ ಸಂಬಳ ಮಣ್ಣಿನ ಆಚೆಗೇ ಉಳಿಯಿತು.
ಮಲಯಾಳದ ಸರ್ಟಿಫಿಕೇಟಿನಲ್ಲಿ ನಾನು ಕ್ರಾಸ್ಟ,
ಇಂಗ್ಲಿಷಿನದ್ದರಲ್ಲಿ ಕ್ರಸ್ಟಾ,
ಎಸ್ಸೆಸ್ಸೆಲ್ಸಿಯಲ್ಲಿ ಮಾತ್ರ ಬೇಳದ ಐರಿನ್ ಕ್ರಾಸ್ತಾ.
ಮೂವರು ಹೆಂಗಸರು ಸೇರಿ ದುಡಿದದ್ದು ಒಂಬತ್ತು ವರ್ಷ.
ಕೂಡಿಸಿ ಒಬ್ಬಳ ಹೆಸರಿಗೆ ಬರೆಯಿರಿ ಎಂದರೆ
ಅಫಿದವಿತ್ತು ತನ್ನಿ ಎನ್ನುತ್ತಾರೆ.
ಅದಕ್ಕೂ ಒಂದು ಮುದ್ರೆ ಕಾಗದ.

ಮಂಗಳೂರಿನ ಏಜೆನ್ಸಿಯ ಮೆಸೇಜು:
ಮೂರು ತಿಂಗಳು, ಐಸಿಯು, ರೂಮು ಫ್ರೀ, ಇವತ್ತೇ ಹೇಳಿ.
ಸಂಬಳ ಇಲ್ಲಿಯದರ ಒಂದೂವರೆ ಪಾಲು.
ಒಂದೂವರೆ ಪಾಲಿನಿಂದ ಬಸ್ಸು ಕಳೆದು, ಊಟ ಕಳೆದು,
ಮತ್ತೆ ಇಲ್ಲಿ ಕಾಯುವ ತಿಂಗಳುಗಳನ್ನು ಕಳೆಯುತ್ತ
ಚಹಾ ಆರಿತು.

ಹನ್ನೊಂದಕ್ಕೆ ಉಪ್ಪಳದಿಂದ ಫೋನು. ಬೀಫಾತಿಮ್ಮನ ಮಗಳು.
"ರಾತ್ರಿಯಿಂದ ಚೀಲಕ್ಕೆ ಒಂದು ಹನಿ ಬಿದ್ದಿಲ್ಲ ಸಿಸ್ಟರೇ,
ಉಮ್ಮ ಗೋಡೆ ಪರಚ್ತಾ ಇದ್ದಾರೆ."
ಹೇಳಬೇಕಿತ್ತು: ಇವತ್ತು ನಾನಿಲ್ಲ.
ಎಂಥ ಮಾತು ಅದು,
ಹೇಳಲಿಕ್ಕಾದರೂ ಇರಬೇಕಲ್ಲ ಒಬ್ಬಳು.

ಬೀರುವಿನಲ್ಲಿ, ಮದುವೆಯ ಕೆಂಪು ಸೀರೆಯಡಿ,
ಹದಿನಾರನೇ ನಂಬರಿನ ಒಂದು ಟ್ಯೂಬು
ಯಾವ ಲೆಕ್ಕದಲ್ಲೂ ಇಲ್ಲದ್ದು.
ಜೀಪಿಲ್ಲ; ಕುಂಞಂಬು ಅಣ್ಣನಿಗೂ ಇಂದು ಎಡೆಯ ದಿನವೇ.
ಕುಂಬಳೆಗೊಂದು ಬಸ್ಸು, ಅಲ್ಲಿಂದ ಇನ್ನೊಂದು.
ಅಗಲವಾಗುತ್ತಿರುವ ಹೆದ್ದಾರಿಯ ಧೂಳಿನಲ್ಲಿ
ಪರಿಚಯದವಳೊಬ್ಬಳು ಕೋಟಿಲ್ಲದ ನನ್ನನ್ನು ನೋಡಿ
"ಲೀವಾ ಇವತ್ತು?" ಎಂದಳು.
ಹೂಂ ಎಂದೆ.

ಬೇನೆ, ವೇದನ, ದೂಕ್, ನೋವು:
ಈ ಜಿಲ್ಲೆಯ ಮಂಚಗಳ ಪಕ್ಕ ನಾನು ಕಲಿತ ಪಾಠಪಟ್ಟಿ ಅದು.
ಬೀಫಾತಿಮ್ಮ ಯಾವುದನ್ನೂ ಹೇಳಲಿಲ್ಲ,
ನನ್ನ ಮಣಿಕಟ್ಟು ಹಿಡಿದಳು, ಬಳೆ ಒತ್ತುವಷ್ಟು.
ಕಿಬ್ಬೊಟ್ಟೆ ಚೆಂಡೆಯ ಚರ್ಮದಂತೆ ಬಿಗಿದಿತ್ತು.
ಹಳೆಯದನ್ನು ಎಳೆದೆ, ತುದಿಯಲ್ಲಿ ಸುಣ್ಣದಂಥ ಹರಳು.
ಹೊಸದು ಏರಿತು. ಹತ್ತು ಎಮ್ಮೆಲ್ ನೀರು ತುಂಬಿ
ಉಸಿರು ಹಿಡಿದು ಕಾದೆ.
ಮೊದಲು ಒಂದು ಗುಳ್ಳೆ.
ಮತ್ತೆ ಚೀಲದೊಳಗೆ ಸಣ್ಣ ಸದ್ದು,
ಮುನ್ನೂರು, ಐನೂರು, ಎಂಟುನೂರು.
ಬಾಯಿ ತೆರೆದು ನಿದ್ದೆ ಹೋದಳು ಮುದುಕಿ,
ಕೈ ಮಾತ್ರ ಬಿಡದೆ.

ಮಂಚದ ಪಕ್ಕದ ಪುಸ್ತಕದಲ್ಲಿ ಟ್ಯೂಬಿನ ನಂಬರು ಬರೆದೆ,
ತಾರೀಕು ಬರೆದೆ.
ಹುದ್ದೆ ಎಂಬಲ್ಲಿ ಪೆನ್ನು ನಿಂತಿತು.
ಅದನ್ನು ದಾಟಿ, ಸಹಿಯ ಜಾಗದಲ್ಲಿ
ಐರಿನ್ ಎಂದು ಬರೆದೆ, ಕನ್ನಡದಲ್ಲಿ, ಅಷ್ಟೇ.
ಮಗಳು ಐನೂರರ ನೋಟು ಹಿಡಿದು ಬಾಗಿಲವರೆಗೆ ಬಂದಳು.
ಬೇಡವೆಂದೆ. ಯಾವ ಕರಾರಿನ ಮೇಲೆ ತೆಗೆದುಕೊಳ್ಳಲಿ?

ಕುಂಬಳೆಯಲ್ಲಿ ಇಳಿದು ಅರ್ಧ ಕಿಲೋ ಬೂತಾಯಿ ಕೊಂಡೆ.
ಬೆರಳುಗಳಲ್ಲಿನ್ನೂ ಗ್ಲೌಸಿನ ವಾಸನೆ.
ನಾಳೆ ಹತ್ತಕ್ಕೆ ಗುಮಾಸ್ತರು ಕೇಳುತ್ತಾರೆ, "ರೆಸ್ಟಾಯ್ತಾ?"
ಮಂಗಳೂರಿಗೆ ಇನ್ನೂ ಉತ್ತರ ಬರೆದಿಲ್ಲ.
ಇವತ್ತು ಮುಗಿಯಲು
ಇನ್ನೂ ಐದು ಗಂಟೆ ಇದೆ.