ಸಾವಿರದ ಒಂಬೈನೂರರಲ್ಲಿ ಹುಟ್ಟಿದವರು

ನನ್ನ ಬಸವನಹುಳು ಸಂಘದಲ್ಲಿ
ನೂರಿಪ್ಪತ್ತು ದಾಟಿದವರು ಹದಿನಾಲ್ಕು ಮಂದಿ.
ಎಲ್ಲರೂ ಹುಟ್ಟಿದ್ದು ಸಾವಿರದ ಒಂಬೈನೂರು, ಜನವರಿ ಒಂದು.
ವರ್ಷಗಳ ಪಟ್ಟಿಯಲ್ಲಿ ಬೆರಳಿಗೆ ಸಿಗುವ ಕೊನೆಯ ಮೆಟ್ಟಿಲು ಅದು,
ಜಾರುಬಂಡಿ ಇಳಿದಂತೆ ಇಳಿದುಬಿಟ್ಟಿದ್ದಾರೆ.
ಅವರಲ್ಲೊಬ್ಬ ಮುದುಕನಿಗೆ
ಮೊನ್ನೆ ಮುಂದಿನ ಹಾಲುಹಲ್ಲು ಬಿತ್ತಂತೆ.
ಒಬ್ಬಳು ಮುದುಕಿ ರಾತ್ರಿ ಎಂಟಕ್ಕೆ ಬರೆಯುತ್ತಾಳೆ:
ಅಮ್ಮ ದೀಪ ಆರಿಸು ಅಂತಿದಾಳೆ, ನಾಳೆ ಹೇಳ್ತೀನಿ.

ಬೆಥೆಸ್ಡಾ ನಮ್ಮೂರು. ಸ್ಲೇಟುಕಲ್ಲು ಕಡಿದು ಕಡಿದು
ಅರ್ಧ ಗುಡ್ಡ ಉಳಿಸಿಕೊಂಡ ಊರು.
ಇಪ್ಪತ್ತೆರಡು ವರ್ಷ ಶಾಲೆಯ ತಿರುವಿನಲ್ಲಿ ನಿಂತೆ,
ಹಳದಿ ಕೋಟು, ಉದ್ದ ಕೋಲು,
ಕೋಲಿನ ತುದಿಗೆ ದುಂಡನೆಯ 'ನಿಲ್ಲಿ'.
ನಾನು ರಸ್ತೆಗಿಳಿದರೆ ಕಲ್ಲಿನ ಲಾರಿಯೂ ಉಸಿರು ಬಿಗಿಹಿಡಿಯಬೇಕು.
ದಾಟುವ ತಲೆ ಎಣಿಸುತ್ತಿದ್ದೆ, ತುಟಿ ಅಲ್ಲಾಡಿಸದೆ.
ನಿವೃತ್ತಿಯ ದಿನ ಕೋಲು ವಾಪಸು ಕೇಳಿದರು, ಕೊಟ್ಟೆ.
ಎಣಿಸುವ ಚಟವನ್ನು ಯಾರೂ ಕೇಳಲಿಲ್ಲ.

ಆಮೇಲೆ ಈ ಸಂಘ. ಗೋಡೆಯ ಮೇಲಿನ ಮಲ್ವೆನ್
(ನಮ್ಮ ಮಾತಿನಲ್ಲಿ ಬಸವನಹುಳಕ್ಕೆ ಹಾಗನ್ನುತ್ತೇವೆ)
ಎಲ್ಲಿ ಕಂಡಿತು, ಸುರುಳಿ ಎಡಕ್ಕೋ ಬಲಕ್ಕೋ, ಅಷ್ಟೇ ವಿಷಯ.
ಬಾಲಾದಿಂದ, ಬಾಂಗರಿನಿಂದ, ಆಂಗಲ್ಸಿ ದ್ವೀಪದಿಂದ
ಮನೆಯಲ್ಲಿ ಕೂತೇ ಬಂದರು ಮಕ್ಕಳು.
ಎಡಸುರುಳಿ ಸಿಕ್ಕವರಿಗೆ ನನ್ನ ಕೈಬರಹದ ಪ್ರಶಸ್ತಿಪತ್ರ.
ಮೂರು ವರ್ಷದಲ್ಲಿ ಒಂದು ಕೊಟ್ಟಿದ್ದೇನೆ.

ಬೇಸಿಗೆಯಲ್ಲಿ ವಕೀಲ ಇಡ್ವಾಲ್ ಬಂದ, ನಾನು ದಾಟಿಸಿದ ಹುಡುಗನೇ.
ಚಹಾ ಕುಡಿದ, ಬಿಸ್ಕತ್ತು ಮುಟ್ಟಲಿಲ್ಲ.
"ಹದಿಮೂರರ ಕೆಳಗಿನವರ ಹೆಸರು, ಊರು, ಫೋಟೊ.
ತಾಯಿತಂದೆಯ ಒಪ್ಪಿಗೆ ಎಲ್ಲಿ?"
"ಅವರೆಲ್ಲ ನೂರಿಪ್ಪತ್ತರವರು ಕಣಪ್ಪ."
ಅವನು ನಗಲಿಲ್ಲ.
"ಗೊತ್ತಿದ್ದೂ ಗೊತ್ತಿಲ್ಲದಂತಿರುವುದಕ್ಕೆ
ಕೋರ್ಟಿನಲ್ಲಿ ಬೇರೆ ಹೆಸರಿದೆ, ಎಲೂನೆಡ್ ಆಂಟಿ."

ಹೆಸರು ಅಳಿಸಿದೆ. ಶಾಲೆಯ ಲಾಂಛನ ಕಾಣುವ ಫೋಟೊ ತೆಗೆದೆ.
ಹುಳು ಉಳಿಯಿತು, ಹುಳ ಹಿಡಿದ ಅಂಗೈ, ಉಗುರಿನ ಮಣ್ಣು.
ಒಪ್ಪಿಗೆಪತ್ರ ಕಳಿಸಿದೆ, ಒಂಬತ್ತು ತಿರುಗಿ ಬಂದವು.
ಒಂದರಲ್ಲಿ ತಂದೆಯ ಸಹಿ ನೇರಳೆ ಬಣ್ಣದ ಕ್ರೇಯಾನಿನಲ್ಲಿತ್ತು.

ಅಷ್ಟರಲ್ಲಿ ಬಂದ 'ಪುಟ್ಟ ಚಿಪ್ಪು'.
ನನಗೆ ಹತ್ತು ವರ್ಷ ಎಂದು ಕೇಳದೆಯೇ ಹೇಳಿದ ಮೊದಲನೆಯವನು.
ಅವನ ಬರಹ ತಪ್ಪು. ಎಲ್ಲರದೂ ತಪ್ಪೇ.
ಆದರೆ ಮಕ್ಕಳು ಒಂದು ಪದವನ್ನು ಬೆಳಿಗ್ಗೆ ಒಂದು ಥರ ಕೆಡಿಸುತ್ತಾರೆ,
ಸಂಜೆ ಇನ್ನೊಂದು ಥರ;
ಒಮ್ಮೊಮ್ಮೆ ಅಪ್ಪಿತಪ್ಪಿ ಸರಿಯಾಗಿಯೂ ಬರೆದುಬಿಡುತ್ತಾರೆ.
ಇವನು ಪ್ರತಿ ಸಲ ಅದೇ ಅಕ್ಷರವನ್ನು
ಅದೇ ಜಾಗದಲ್ಲಿ ಬೀಳಿಸುತ್ತಿದ್ದ, ಅಳತೆಪಟ್ಟಿ ಇಟ್ಟು.
ಹುಳದ ಬಗ್ಗೆ ಒಂದು ಮಾತಿಲ್ಲ.
ನಿನ್ನ ಬಸ್ಸು ಎಷ್ಟು ಗಂಟೆಗೆ, ಎಂದು ಕೇಳಿದ,
ದೀಪ ಆರಿಸುವ ಆ ಮುದುಕಿಯನ್ನು.

ರಾತ್ರಿ ಹನ್ನೊಂದು. ಬಟ್ಟೆ ಒಗೆಯುವ ಯಂತ್ರ ನೀರು ಬಿಡುತ್ತಿತ್ತು.
ಎದ್ದು ನಿಂತುಬಿಟ್ಟೆ, ಬಲಗೈ ತಾನಾಗಿ ಮೇಲೆದ್ದಿತು,
ಕೋಲಿಲ್ಲದ ಕೈ.
ಅಡುಗೆಮನೆಯಲ್ಲಿ ಯಾವ ಲಾರಿ ನಿಲ್ಲುತ್ತದೆ?

ಪೊಲೀಸಿನವಳು ಹೇಳಿದಳು: ಏನೂ ಅಳಿಸಬೇಡ.
ಇಡ್ವಾಲ್ ಹೇಳಿದ್ದ: ಬೇಡದ್ದೇನೂ ಇಟ್ಟುಕೊಳ್ಳಬೇಡ.
ಇಬ್ಬರ ಕಾಗದವೂ ಫ್ರಿಜ್ಜಿನ ಬಾಗಿಲಲ್ಲಿ, ಒಂದೇ ಅಯಸ್ಕಾಂತದ ಕೆಳಗೆ.
ಚಿಪ್ಪಿನೊಳಗೆ ಯಾರಿದ್ದರೆಂದು ನನಗೆ ಹೇಳಲಿಲ್ಲ,
ಹೇಳುವಂತಿಲ್ಲವಂತೆ.
ಈಗ ಬ್ರೆಡ್ಡು ಕೊಡುವವನ ಬೆರಳನ್ನೂ ನೋಡುತ್ತೇನೆ.

ಒಬ್ಬರಿಗೊಬ್ಬರು ಗುಟ್ಟಾಗಿ ಬರೆಯುವ ದಾರಿ ಮುಚ್ಚಿದೆ.
ಎಲ್ಲವೂ ಮೊದಲು ನನಗೆ, ನಾನು ಓದಿದ ಮೇಲೆ ಮಿಕ್ಕವರಿಗೆ.
ಬೇಲಿ ಹೊಲ ಮೇಯ್ದ ಕಥೆ ಬೇಲಿಗೂ ಗೊತ್ತು.
ಅದಕ್ಕೇ ಮೊರ್ವಿದ್‌ಳನ್ನು ಕರೆದೆ, ನರ್ಸಾಗಿದ್ದವಳು:
ನನ್ನ ಮೇಲೂ ಒಂದು ಕಣ್ಣಿಡೇ.
ಗುರುವಾರ ಬರುತ್ತಾಳೆ, ಉಲ್ಲನ್ ಹೆಣೆಯುತ್ತ
ನಾನು ಓದಿದ್ದನ್ನು ಓದುತ್ತಾಳೆ.

ಈವತ್ತು ಆ ಮುದುಕಿ ನೇರ ನನಗೇ ಬರೆದಿದ್ದಾಳೆ:
ನನ್ನ ಗೆಳೆಯನನ್ನ ಯಾಕೆ ಓಡಿಸಿದೆ? ನೀನು ಕೆಟ್ಟವಳು, ಕೆಟ್ಟವಳು.
ಎರಡು ಸಲ, ಎರಡು ಥರ. ಎರಡೂ ತಪ್ಪು.
ಸದ್ಯ, ಎಂದುಕೊಂಡೆ. ಮಗುವೇ.
ಉತ್ತರ ಇನ್ನೂ ಬರೆದಿಲ್ಲ.